ಆಪರೇಷನ್ ಆದ ಹಿರಿಯರ ನೋವಿಗೆ ವಿಆರ್ ಹೆಡ್‌ಸೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರು, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಹಿರಿಯರಿಗೆ ಮಂಡಿಯದ್ದೋ ಸೊಂಟದ್ದೋ ಆಪರೇಷನ್ ಆಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದಲ್ಲಿ. ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ, ಉಳಿದ ನೋವು ಮನೆಯವರ ಪಾಲಿಗೆ. ಹಾಗಾಗಿ ಇಲ್ಲಿನ ಹೆಚ್ಚಿನ ಮಾತು ಮನೆಯಲ್ಲಿ ನೋಡಿಕೊಳ್ಳುವವರಿಗೆ. ಹೆಡ್‌ಸೆಟ್ ಹಾಕುವ ಮುಂಚೆ ಆಪರೇಷನ್ ಮಾಡಿದ ವೈದ್ಯರನ್ನು ಒಂದು ಮಾತು ಕೇಳಿಕೊಳ್ಳಿ.

## ಮೊದಲ ಪ್ರಶ್ನೆಗಳು

ವಿಆರ್ ಅಂದ್ರೆ ಮಕ್ಕಳ ಗೇಮ್ ಅಲ್ವಾ? ನೋವಿಗೂ ಅದಕ್ಕೂ ಏನು ಸಂಬಂಧ?

ಹೆಡ್‌ಸೆಟ್ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆ. ಎಡಕ್ಕೆ ತಿರುಗಿದರೆ ಎಡಗಡೆಯದು ಕಾಣುತ್ತದೆ, ಮೇಲೆ ನೋಡಿದರೆ ಮರದ ಕೊಂಬೆ ಕಾಣುತ್ತದೆ. ಕೋಣೆ ಮರೆಯಾಗಿ, ಬೇರೆಯದೇ ಜಾಗದಲ್ಲಿ ಕೂತಿದ್ದೇನೆ ಎಂದು ಮಿದುಳು ನಂಬುತ್ತದೆ.

ಗಾಯದ ಸುದ್ದಿ ನರಗಳಲ್ಲಿ ಬರುತ್ತದೆ, ಆದರೆ ಅದು ಎಷ್ಟು ಜೋರು ಎಂದು ತೀರ್ಮಾನವಾಗುವುದು ಮಿದುಳಿನಲ್ಲಿ. ಗಮನ ಎಲ್ಲಿದೆ, ಹೆದರಿಕೆ ಎಷ್ಟಿದೆ ಎಂಬುದರ ಮೇಲೆ ಅದೇ ಹೊಲಿಗೆ ಹೆಚ್ಚು ಅಥವಾ ಕಡಿಮೆ ನೋಯುತ್ತದೆ. ಬೆನ್ನುಹುರಿಯಲ್ಲಿ ನೋವಿನ ಸಂಕೇತಕ್ಕೆ ಬಾಗಿಲಿನಂಥ ಒಂದು ವ್ಯವಸ್ಥೆ ಇದೆ, ಮಿದುಳಿನಿಂದ ಇಳಿದು ಬರುವ ಸಂಕೇತಗಳು ಆ ಬಾಗಿಲನ್ನು ಕಿರಿದು ಮಾಡಬಲ್ಲವು ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ವಾದಿಸಿದ್ದರು. ಆ ಸಿದ್ಧಾಂತದ ವಿವರಗಳು ಆಮೇಲೆ ಬದಲಾದವು, ಮೂಲ ಮಾತು ನಿಂತಿದೆ. ಮಿದುಳಿನ ಗಮನಕ್ಕೆ ಮಿತಿ ಇದೆ. ಅದರ ದೊಡ್ಡ ಪಾಲನ್ನು ಹೆಡ್‌ಸೆಟ್ ಕಸಿದುಕೊಂಡರೆ ನೋವಿಗೆ ಉಳಿಯುವುದು ಕಡಿಮೆ.

ಟಿವಿ ಹಚ್ಚಿದರೂ ನೋವು ಮರೀತದಲ್ಲ, ಇದರಲ್ಲೇನು ಹೆಚ್ಚು?

ಟಿವಿ ನೋಡುವಾಗ ಡ್ರೆಸ್ಸಿಂಗ್ ಮಾಡಲು ಬಂದ ಸಿಸ್ಟರ್, ಟ್ರೇಯಲ್ಲಿರುವ ಕತ್ತರಿ ಎರಡೂ ಕಣ್ಣಿಗೆ ಬೀಳುತ್ತವೆ. ಹೆಡ್‌ಸೆಟ್‌ನಲ್ಲಿ ಬೀಳುವುದಿಲ್ಲ. ಲಾಭದ ಒಂದು ಪಾಲು ಅಷ್ಟರಲ್ಲೇ ಇದೆ. ಇನ್ನೊಂದು ಪಾಲು, ತಲೆ ತಿರುಗಿಸಿದ ಹಾಗೆ ದೃಶ್ಯವೂ ತಿರುಗುವುದರಿಂದ ಬರುತ್ತದೆ.

ಇದು ಹಾಕಿದರೆ ನೋವಿನ ಮಾತ್ರೆ ಬಿಡಬಹುದಾ?

ಬಿಡಬೇಡಿ. ವಿಆರ್ ಮಾತ್ರೆಯ ಜೊತೆಗಾರ, ಬದಲಿ ಅಲ್ಲ. ಅದರ ಪರಿಣಾಮ ಹೆಚ್ಚಾಗಿ ಹಾಕಿಕೊಂಡಿರುವಷ್ಟು ಹೊತ್ತು ಇದ್ದು, ತೆಗೆದ ಮೇಲೆ ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ರಾತ್ರಿ ಎರಡು ಗಂಟೆಗೆ ಮಂಡಿ ಸಿಡಿಯುವಾಗ ಕೆಲಸ ಮಾಡುವುದು ವೇಳೆಗೆ ಸರಿಯಾಗಿ ಕೊಟ್ಟ ಮಾತ್ರೆಯೇ.

ಹಾಗಿದ್ದರೂ ಹಿರಿಯರಲ್ಲಿ ಇದಕ್ಕೆ ವಿಶೇಷ ಬೆಲೆ ಇದೆ. ಊತ ಇಳಿಸುವ ನೋವಿನ ಮಾತ್ರೆಗಳು ಕಿಡ್ನಿಗೆ, ಹೊಟ್ಟೆಯ ಒಳಪದರಕ್ಕೆ ಪೆಟ್ಟು ಕೊಡಬಹುದು. ಟ್ರಮಡಾಲ್‌ನಂಥ ಬಲವಾದ ಮಾತ್ರೆಗಳಿಂದ ವಾಕರಿಕೆ, ಮಲಬದ್ಧತೆ, ಮಂಪರು, ಕೆಲವರಿಗೆ ಗೊಂದಲ ಬರುತ್ತದೆ. ಹಾಗಾಗಿ ವೈದ್ಯರು ಪ್ರಮಾಣವನ್ನು ಕೆಳಗೇ ಇಟ್ಟಿರುತ್ತಾರೆ. ಆ ಪ್ರಮಾಣದಲ್ಲಿ ತಡೆಯಲಾಗದ ಹದಿನೈದು ನಿಮಿಷಗಳು ದಿನದಲ್ಲಿ ಎರಡು ಮೂರು ಸಲ ಬರುತ್ತವೆ: ಡ್ರೆಸ್ಸಿಂಗ್, ವ್ಯಾಯಾಮ, ಮೊದಲ ಸಲ ಏಳುವುದು. ವಿಆರ್ ಬೇಕಾದದ್ದು ಆ ಹೊತ್ತಿಗೆ. ಬೇಸರ ಕಳೆಯಲೆಂದು ಇಡೀ ಮಧ್ಯಾಹ್ನ ಹಾಕಿ ಕೂಡಿಸಿದರೆ ಕಣ್ಣು ದಣಿಯುವುದೊಂದೇ ಲಾಭ.

ನಿಜವಾಗಿ ಕೆಲಸ ಮಾಡ್ತದೆ ಅಂತ ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಮಾಡಿದ್ದಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದ ಕೊನೆಯಿಂದ ಸುಟ್ಟಗಾಯದ ರೋಗಿಗಳ ಮೇಲೆ ಕೆಲಸ ಮಾಡಿದರು. ಅವರು ಕಟ್ಟಿದ ಸ್ನೋವರ್ಲ್ಡ್‌ನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ಸಾಗುತ್ತ ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯುತ್ತಾನೆ. 2004ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ, ವಿಆರ್‌ನಲ್ಲಿದ್ದಾಗ ನೋವಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆಯೇ ತಗ್ಗುತ್ತದೆ ಎಂದು ತೋರಿಸಿದರು. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ದಾಖಲಾಗಿದ್ದ 120 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಆರ್, ಇನ್ನೊಂದಕ್ಕೆ ಟಿವಿಯಲ್ಲಿ ಆರೋಗ್ಯ ಕಾರ್ಯಕ್ರಮ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಬಂತು. ವಿಆರ್ ಗುಂಪಿನವರ ನೋವು ಹೆಚ್ಚು ಇಳಿದಿತ್ತು.

ಆದರೆ ಒಂದು ಮಾತು. ಡ್ರೆಸ್ಸಿಂಗ್‌ನಂಥ ಸ್ವಲ್ಪ ಹೊತ್ತಿನ ನೋವಿಗೆ ಪುರಾವೆ ಗಟ್ಟಿ. ಆಪರೇಷನ್ ಆದ ಹಿರಿಯರನ್ನೇ ಆರಿಸಿ ಮಾಡಿದ ಅಧ್ಯಯನಗಳು ಸಣ್ಣವು, ಫಲಿತಾಂಶವೂ ಏಕರೀತಿ ಇಲ್ಲ. ಮಾತ್ರೆಯನ್ನೇ ಅರ್ಧ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಹೆಡ್‌ಸೆಟ್ ಮಾರುವವರಾ ಎಂದು ನೋಡಿ.

ಆಯಿಗೆ 82. ಮೊಬೈಲೇ ಹಿಡಿದವರಲ್ಲ. ಆಗ್ತದಾ?

ಆಗುತ್ತದೆ. ವಯಸ್ಸಿಗೆ ಮೇಲ್ಮಿತಿ ಇಲ್ಲ. ಮೊಬೈಲ್ ಬರುವುದಿಲ್ಲ ಎಂಬುದು ತೊಡಕೇ ಅಲ್ಲ, ಏಕೆಂದರೆ ಗುಂಡಿ ಒತ್ತುವುದು ನೀವು, ಆಯಿ ನೋಡಿದರೆ ಸಾಕು. ತೊಡಕಾಗುವುದು ಕುತ್ತಿಗೆ ನೋವು, ಮಸುಕು ಕಣ್ಣು, ಮರೆವು.

## ಯಾರಿಗೆ ಬೇಡ

ಯಾರಿಗೆ ಹಾಕಲೇಬಾರದು?

ಅಪಸ್ಮಾರ, ಅಂದರೆ ಫಿಟ್ಸ್ ಇದ್ದವರಿಗೆ ಬೇಡ. ತಲೆ, ಮುಖ, ಕಿವಿ, ಕುತ್ತಿಗೆಯ ಆಪರೇಷನ್ ಆದವರಿಗೆ ಬೇಡ. ಕಣ್ಣಿನ ಪೊರೆ ತೆಗೆಸಿ ಇನ್ನೂ ಹನಿ ಹಾಕುತ್ತಿದ್ದರೆ ಕಣ್ಣಿನ ವೈದ್ಯರು ಸರಿ ಎನ್ನುವವರೆಗೆ ಕಾಯಿರಿ, ಹೆಡ್‌ಸೆಟ್ ಒತ್ತುವುದು ಕಣ್ಣಿನ ಸುತ್ತಲೇ. ವಾಂತಿ ನಿಲ್ಲದವರು, ಕಣ್ಣು ಬೇನೆ ಬಂದವರು, ಹೊರಳಿದರೆ ಕೋಣೆಯೇ ಸುತ್ತುವವರು ಇವರಿಗೂ ಬೇಡ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದ ಮೇಲೆ ಕೆಲವರಿಗೆ ಕೂತರೆ ಜೋರಾಗುವ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ. ಅದು ಬೆನ್ನುಹುರಿಯ ಸುತ್ತಲಿನ ದ್ರವ ಸೋರಿದ್ದರಿಂದ ಬರುವ ನೋವು. ಇದನ್ನು ವಿಆರ್‌ನಲ್ಲಿ ಮರೆಸಲು ಹೋಗದೆ ವೈದ್ಯರಿಗೆ ತಿಳಿಸಿ.

ಅಪ್ಪನಿಗೆ ಪೇಸ್‌ಮೇಕರ್ ಇದೆ. ತೊಂದರೆ ಆಗ್ತದಾ?

ಹೆಡ್‌ಸೆಟ್‌ನ ಸ್ಪೀಕರುಗಳಲ್ಲಿ ಅಯಸ್ಕಾಂತ ಇರುತ್ತದೆ. ತಲೆಯ ಮೇಲಿದ್ದಾಗ ಅದು ಎದೆಯಿಂದ ದೂರ. ಅಪಾಯ ಬರುವುದು ಹಾಕುವಾಗ, ತೆಗೆಯುವಾಗ ಒಂದು ಗಳಿಗೆ ಎದೆಯ ಮೇಲೆ ಇಟ್ಟುಕೊಂಡರೆ. ಪೇಸ್‌ಮೇಕರ್ ಇರುವ ಜಾಗದಿಂದ ಕನಿಷ್ಠ 15 ಸೆಂ.ಮೀ. ದೂರ ಎಂಬುದು ಮೊಬೈಲಿಗೂ ಹೇಳುವ ನಿಯಮ, ಇದಕ್ಕೂ ಅದೇ. ಹೃದಯದ ವೈದ್ಯರ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ.

ಆಪರೇಷನ್ ಆದ ಮೇಲೆ ಅಜ್ಜ ಏನೇನೋ ಮಾತಾಡ್ತಾರೆ, ರಾತ್ರಿ ಎದ್ದು ಹೊರಡ್ತಾರೆ. ವಿಆರ್ ಹಾಕಿದ್ರೆ ಸಮಾಧಾನ ಆಗ್ತದಾ?

ಆಗುವುದಿಲ್ಲ, ಹೆಚ್ಚಾಗಬಹುದು. ಹಿರಿಯರಲ್ಲಿ ಆಪರೇಷನ್ ನಂತರ ಹೀಗೆ ಏಕಾಏಕಿ ಬರುವ ಗೊಂದಲಕ್ಕೆ ಡೆಲಿರಿಯಮ್ ಎನ್ನುತ್ತಾರೆ. ಸೋಂಕು, ಮೂತ್ರ ಕಟ್ಟುವುದು, ಸೋಡಿಯಂ ಇಳಿಯುವುದು, ಔಷಧ ಯಾವುದೂ ಕಾರಣ ಇರಬಹುದು, ವೈದ್ಯರು ಹುಡುಕಬೇಕು. ನಾನೆಲ್ಲಿದ್ದೇನೆ ಎಂದೇ ತಿಳಿಯದವರ ಕಣ್ಣಿಗೆ ಇನ್ನೊಂದು ಲೋಕ ಕಟ್ಟಬಾರದು. ಬದಲಿಗೆ ಕನ್ನಡಕ ಮತ್ತು ಕಿವಿ ಮೆಷಿನ್ ಹಾಕಿಸಿ, ಹಗಲು ಕಿಟಕಿ ತೆಗೆದಿಡಿ, ಪರಿಚಯದ ಮುಖ ಎದುರಿಗಿರಲಿ.

ಪ್ರತಿ ಸಲ ಹೆಡ್‌ಸೆಟ್ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳುವ ರೂಢಿ ಮಾಡಿಕೊಳ್ಳಿ: ಇವತ್ತು ಯಾವ ವಾರ, ನಾವೆಲ್ಲಿದ್ದೇವೆ, ಯಾವ ಆಪರೇಷನ್ ಆಯಿತು. ಒಂದಕ್ಕೆ ತಪ್ಪಿದರೂ ಆ ದಿನ ಬೇಡ.

## ಸಾಧನ

500 ರೂಪಾಯಿಗೆ ಮೊಬೈಲ್ ಇಡುವ ಡಬ್ಬಿ ಸಿಗ್ತದೆ. ಅದು ಸಾಕಾ?

ಆಯಿಗೆ ಇದು ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಸಾಕು. ಐದು ನಿಮಿಷ ಕೈಯಲ್ಲೇ ಹಿಡಿದು ತೋರಿಸಿ. ಮೊಬೈಲಿನಲ್ಲಿ ಜೈರೋಸ್ಕೋಪ್ ಇರಲೇಬೇಕು, ಇಲ್ಲದಿದ್ದರೆ ತಲೆ ತಿರುಗಿಸಿದರೂ ದೃಶ್ಯ ತಿರುಗುವುದಿಲ್ಲ. ಹತ್ತು ನಿಮಿಷ ದಾಟಿದರೆ ಮೊಬೈಲ್ ಬಿಸಿಯಾಗುತ್ತದೆ, ಚಿತ್ರ ತಡವರಿಸುತ್ತದೆ. ಆ ತಡವರಿಕೆಯೇ ವಾಕರಿಕೆಯ ಮೂಲ.

ದಿನಾ ಬಳಸುವುದಾದರೆ ಮೆಟಾ ಕ್ವೆಸ್ಟ್, ಪಿಕೋ ತರಹದ ಸ್ವತಂತ್ರ ಹೆಡ್‌ಸೆಟ್ ಬೇಕು, ಕಂಪ್ಯೂಟರ್ ಬೇಡ. ತೂಕ ಅರ್ಧ ಕೆಜಿಯ ಆಸುಪಾಸು. ಕ್ವೆಸ್ಟ್ 2 ಎಂಬುದು 503 ಗ್ರಾಂ, ಕ್ವೆಸ್ಟ್ 3 ಎಂಬುದು 515. ಕ್ವೆಸ್ಟ್‌ನಲ್ಲಿ ಆ ಭಾರ ಹೆಚ್ಚಾಗಿ ಮುಂದುಗಡೆ ಇರುತ್ತದೆ, ಸಪೂರ ಕುತ್ತಿಗೆಗೆ ಗೊತ್ತಾಗುತ್ತದೆ. ಜೊತೆಗೆ ಬರುವ ಬಟ್ಟೆಯ ಪಟ್ಟಿ ತೆಗೆದು, ಹಿಂದುಗಡೆ ತಿರುಗಿಸಿ ಬಿಗಿ ಮಾಡುವ ಗಟ್ಟಿ ಪಟ್ಟಿ ಹಾಕಿದರೆ ಭಾರ ಹಂಚಿಹೋಗುತ್ತದೆ. ದುಬೈ, ಮಸ್ಕತ್‌ನಿಂದ ಬರುವವರ ಕೈಲಿ ತರಿಸುವುದು ನಮ್ಮ ಕಡೆ ಮಾಮೂಲು. ಆದರೆ ಇಲ್ಲಿ ವಾರಂಟಿ ನಡೆಯುತ್ತದಾ ಎಂದು ಮೊದಲೇ ಕೇಳಿಕೊಳ್ಳಿ.

ಕನ್ನಡಕ, ಕಿವಿ ಮೆಷಿನ್, ತುರುಬು ಎಲ್ಲಾ ಇರುವವರಿಗೆ ಹೇಗೆ ಕೂರಿಸೂದು?

ಕನ್ನಡಕದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ. ಪರದೆ ಕಣ್ಣಿಗೆ ಹತ್ತಿರ ಇದ್ದರೂ ಒಳಗಿನ ಲೆನ್ಸ್ ಅದನ್ನು ಒಂದೆರಡು ಮೀಟರ್ ದೂರಕ್ಕೆ ತಳ್ಳುತ್ತದೆ. ಹಾಗಾಗಿ ಬೇಕಾದದ್ದು ದೂರದ ಕನ್ನಡಕ, ಓದುವ ಕನ್ನಡಕ ಅಲ್ಲ. ಎರಡೂ ಸೇರಿದ ಬೈಫೋಕಲ್ ಇದ್ದರೆ ಕೆಳಗಿನ ಅರ್ಧ ಮಸುಕು ಕಾಣುತ್ತದೆ, ಗದ್ದ ಸ್ವಲ್ಪ ತಗ್ಗಿಸಿ ನೋಡಲು ಹೇಳಿ. ಪೊರೆ ತೆಗೆಸಿ ದೂರಕ್ಕೆ ಹೊಂದುವ ಲೆನ್ಸ್ ಹಾಕಿಸಿ ವರ್ಷಗಳಾಗಿದ್ದರೆ ಎಷ್ಟೋ ಸಲ ಕನ್ನಡಕವೇ ಬೇಡ. ಕನ್ನಡಕ ಹಾಕಿದರೆ ನಡುವೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ತಪ್ಪದೆ ಕೂರಿಸಿ, ಇಲ್ಲದಿದ್ದರೆ ಎರಡು ಗಾಜು ಉಜ್ಜಿ ಲೆನ್ಸಿಗೆ ಗೀರು ಬೀಳುತ್ತದೆ.

ಎರಡು ಕಣ್ಣುಪಾಪೆಗಳ ನಡುವಿನ ಅಂತರವನ್ನು ಸ್ಕೇಲು ಹಿಡಿದು ಅಳೆಯಿರಿ. ಸರಾಸರಿ 63 ಮಿ.ಮೀ. ಕ್ವೆಸ್ಟ್ 2ರಲ್ಲಿ ಲೆನ್ಸ್ ಸರಿಸಿ ಕೂರಿಸಲು 58, 63, 68 ಎಂದು ಮೂರು ಜಾಗ ಇವೆ. ಅಳತೆ ತಪ್ಪಿದರೆ ಎರಡು ಚಿತ್ರ ಕಂಡು ತಲೆ ನೋಯುತ್ತದೆ.

ಕಿವಿ ಮೆಷಿನ್ ತೆಗೆಯಬೇಡಿ. ಹೆಡ್‌ಸೆಟ್‌ನ ತೆರೆದ ಸ್ಪೀಕರ್ ಸಾಕು, ಮೇಲಿಂದ ಹೆಡ್‌ಫೋನ್ ಮುಚ್ಚಿದರೆ ಮೆಷಿನ್ ಕುಯ್ ಎನ್ನುತ್ತದೆ. ತುರುಬು ಇದ್ದರೆ ಹಿಂದಿನ ಪಟ್ಟಿ ಅದರ ಕೆಳಗೆ, ತಲೆಬುರುಡೆ ಉಬ್ಬಿದ ಜಾಗಕ್ಕೆ ಕೂರಬೇಕು. ತುರುಬಿನ ಮೇಲೆ ಕೂತರೆ ಐದು ನಿಮಿಷದಲ್ಲಿ ಮುಂದಕ್ಕೆ ಜಾರಿ ಮೂಗಿನ ಮೇಲೆ ಭಾರ ಬಿಡುತ್ತದೆ. ತೆಂಗಿನೆಣ್ಣೆ ಹಚ್ಚಿದ ದಿನ ಹಣೆಗೊಂದು ತೆಳು ಹತ್ತಿ ಬಟ್ಟೆ ಕಟ್ಟಿ. ಎಣ್ಣೆ ಮತ್ತು ಕುಂಕುಮ ಸ್ಪಂಜಿಗೆ ಇಳಿದರೆ ಹೋಗುವುದಿಲ್ಲ. ಎರಡು ಲೆನ್ಸ್ ನಡುವೆ ಹಣೆ ತಾಗಿದ್ದನ್ನು ಗುರುತಿಸುವ ಪುಟ್ಟ ಸಂವೇದಕ ಇದೆ, ಅದರ ಮೇಲೆ ಎಣ್ಣೆ ಕೂತರೆ ಪರದೆ ತಾನಾಗಿ ಆರದೆ ಬ್ಯಾಟರಿ ಖಾಲಿಯಾಗುತ್ತದೆ.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡೀತದೆ. ಏನು ಮಾಡೂದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಕರಾವಳಿಗೂ ಮಲೆನಾಡಿಗೂ ಇರುವ ಪಾಡು. ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹರಳಿನ ಬಣ್ಣ ಬದಲಾದರೆ ತೇವ ಕುಡಿದಿದೆ ಎಂದರ್ಥ, ಹೊಸದು ಹಾಕಿ. ಬಳಸಿದ ತಕ್ಷಣ ಬೆವರಿನ ಸಮೇತ ಮುಚ್ಚಿಡಬೇಡಿ, ಅರ್ಧ ಗಂಟೆ ಫ್ಯಾನಿನ ಕೆಳಗೆ ಆರಲಿ. ಅಕ್ಕಿಯಲ್ಲಿ ಹುಗಿಯುವ ಉಪಾಯ ಬೇಡ, ಅಕ್ಕಿಯ ಧೂಳು ಪಟ್ಟಿಯ ಸಂದಿಗೆಲ್ಲ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಅಪರೂಪಕ್ಕೆ ಬಿಸಿಲು ಬಂತೆಂದು ಹಪ್ಪಳದ ಜೊತೆ ಅಂಗಳಕ್ಕೆ ಹಾಕಬೇಡಿ. ಲೆನ್ಸ್ ಭೂತಗನ್ನಡಿಯ ಕೆಲಸ ಮಾಡಿ ಒಳಗಿನ ಪರದೆಯನ್ನು ಸುಡುತ್ತದೆ. ಆ ಚುಕ್ಕೆ ರಿಪೇರಿಯಾಗುವುದಿಲ್ಲ.

## ಹಾಕುವ ಕ್ರಮ

ಮೊದಲ ದಿನ ಹೇಗೆ ಶುರು ಮಾಡಬೇಕು?

1. ಊಟವಾಗಿ ಒಂದು ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬರಲಿ. ಬಾಯಲ್ಲಿ ಎಲೆಅಡಿಕೆಯ ಕವಳ ಇದ್ದರೆ ಉಗುಳಿ ಮುಕ್ಕಳಿಸಿ ಬರಲಿ, ಕಣ್ಣು ಮುಚ್ಚಿದವರಿಗೆ ಪಿಕದಾನಿ ಕಾಣುವುದಿಲ್ಲ, ನೆತ್ತಿಗೂ ಹತ್ತಬಹುದು. ನೋವು 0ಯಿಂದ 10ರಲ್ಲಿ ಎಷ್ಟು ಎಂದು ಕೇಳಿ ಬರೆದಿಡಿ.
2. ತಲೆದಿಂಬು ಏರಿಸಿ ಅರ್ಧ ಒರಗಿಸಿ, 30ರಿಂದ 45 ಡಿಗ್ರಿ. ಮೂತ್ರದ ಪೈಪು, ಗಾಯದ ದ್ರವ ಹೊರಬಿಡುವ ಡ್ರೇನ್, ಸಲೈನ್ ನಳಿಕೆ ಕೈಗೆ ಸಿಕ್ಕಿಕೊಳ್ಳದಂತೆ ಬದಿಗೆ ಸರಿಸಿ. ಮೂಗಿನ ಆಕ್ಸಿಜನ್ ನಳಿಕೆ ಇದ್ದರೆ ಪಟ್ಟಿಯ ಅಡಿ ಮಡಚಿಕೊಳ್ಳಬಾರದು.
3. ಮೊದಲು ನೀವೇ ಹಾಕಿಕೊಂಡು ವಿಡಿಯೋ ತೆರೆದು, ಧ್ವನಿ ತಗ್ಗಿಸಿ, ಆಮೇಲೆ ದಾಟಿಸಿ. ಹಿರಿಯರ ಕೈಗೆ ರಿಮೋಟ್ ಕೊಡಬೇಡಿ, ಸೂಜಿ ಇರುವ ಕೈಯಂತೂ ಅಲುಗಲೇಬಾರದು.
4. ಪಟ್ಟಿ ಕಟ್ಟುವ ಮುಂಚೆ ಅರ್ಧ ನಿಮಿಷ ಕೈಯಲ್ಲಿ ಹಿಡಿದು ಇಣುಕಲು ಬಿಡಿ. ‘ತೆಗೆ ಅಂದ ತಕ್ಷಣ ತೆಗೀತೇನೆ’ ಎಂದು ಹೇಳಿ, ಹಾಗೇ ನಡೆದುಕೊಳ್ಳಿ. ಮೊದಲ ದಿನ ಮಾತು ತಪ್ಪಿದರೆ ಎರಡನೇ ದಿನ ಇಲ್ಲ.
5. ಮೇಲಿನ ಪಟ್ಟಿಯಿಂದ ಭಾರ ಎತ್ತಿ, ಆಮೇಲೆ ಪಕ್ಕದ್ದು ಬಿಗಿ ಮಾಡಿ. ಮಸುಕಾಗಿದ್ದರೆ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ, ಒಂದು ಜಾಗದಲ್ಲಿ ಫಕ್ಕನೆ ಸ್ಪಷ್ಟವಾಗುತ್ತದೆ.
6. ಐದೇ ನಿಮಿಷ. ಒಂದು ಕೈ ಅವರ ಕೈ ಮೇಲಿರಲಿ. ಮುಗಿದ ಮೇಲೆ ಕಣ್ಣು ಮುಚ್ಚಿಸಿ ತೆಗೆಯಿರಿ. ಹತ್ತು ನಿಮಿಷ ಕೂತೇ ಇರಲಿ, ಆಮೇಲೆ ಕಾಲು ಕೆಳಗೆ. ತಕ್ಷಣ ಎದ್ದರೆ ಬಿಪಿ ಇಳಿದು ಬೀಳುವುದುಂಟು. ಹೊಸ ಮಂಡಿಗೆ ಬೀಳುವುದು ದೊಡ್ಡ ಅಪಾಯ.

ದಿನಕ್ಕೆ ಎಷ್ಟು ಸಲ? ಯಾವ ಹೊತ್ತಿಗೆ?

10ರಿಂದ 20 ನಿಮಿಷದಂತೆ ಎರಡು ಅಥವಾ ಮೂರು ಸಲ. ಗಡಿಯಾರಕ್ಕಿಂತ ನೋವಿನ ಹೊತ್ತಿಗೆ ಹೊಂದಿಸಿ. ಡ್ರೆಸ್ಸಿಂಗ್ 11 ಗಂಟೆಗೆ ಎಂದಾದರೆ, ವೈದ್ಯರು ಬರೆದ ಮಾತ್ರೆಯನ್ನು ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಬೀಳುವಂತೆ ಕೇಳಿ ಹೊಂದಿಸಿಕೊಳ್ಳಿ, 10.55ಕ್ಕೆ ಹೆಡ್‌ಸೆಟ್ ಹಾಕಿ. ಹಳೆಯ ಬ್ಯಾಂಡೇಜು ಬಿಚ್ಚುವ ಮುಂಚೆಯೇ ಅವರು ಒಳಗೆ ಮುಳುಗಿರಬೇಕು. ನೋವು ಏರಿದ ಮೇಲೆ ಹಾಕಿದರೆ ಗಮನ ಆಚೆ ಹೋಗಲು ಒಪ್ಪುವುದಿಲ್ಲ. ಸಿಸ್ಟರ್ ಮುಟ್ಟುವ ಮುಂಚೆ ‘ಈಗ ಮುಟ್ತೇನೆ ಅಮ್ಮಾ’ ಎಂದು ಹೇಳಲೇಬೇಕು, ಕಾಣದ ಕೈ ತಾಗಿದರೆ ಬೆಚ್ಚಿ ಕಾಲೆಳೆದುಕೊಳ್ಳುತ್ತಾರೆ.

ಮಲಗಿದಲ್ಲೇ ಹಾಕಿದೆವು, ಬರೀ ಆಕಾಶ ಕಾಣ್ತದೆ ಅಂತಾರೆ.

ಹೆಡ್‌ಸೆಟ್‌ಗೆ ಭೂಮಿಯ ದಿಕ್ಕು ಗೊತ್ತು. ಒರಗಿದವರ ಮುಖ ಮೇಲಕ್ಕಿದ್ದರೆ ಅದು ಆಕಾಶವನ್ನೇ ತೋರಿಸುತ್ತದೆ. ಎದುರಿನದು ನೋಡಲು ಅವರು ಕತ್ತು ಎತ್ತಿ ಹಿಡಿಯುತ್ತಾರೆ, ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಮಲಗಿ ನೋಡುವ ಸೌಲಭ್ಯ ಸಾಧನದ ಸೆಟ್ಟಿಂಗ್‌ನಲ್ಲಿ ಅಥವಾ ವಿಡಿಯೋ ಆಪ್‌ನಲ್ಲಿ ಇದೆಯಾ ನೋಡಿ, ಅವರು ಒರಗಿದ ಭಂಗಿಯಲ್ಲೇ ದೃಶ್ಯವನ್ನು ಎದುರಿಗೆ ತಂದುಕೊಳ್ಳಿ. ಆ ಸೌಲಭ್ಯ ಇಲ್ಲದಿದ್ದರೆ ಮೇಲೆ ನೋಡುವಂಥದ್ದನ್ನೇ ಆರಿಸಿ: ನಕ್ಷತ್ರದ ಆಕಾಶ, ಕಾಡಿನ ಎಲೆಗಳ ಚಪ್ಪರ.

ಬಾಪಾ ನಲವತ್ತು ವರ್ಷ ದೋಣಿ ಮೇಲಿದ್ದವರು. ವಿಆರ್‌ನಲ್ಲಿ ದೋಣಿ ತೋರಿಸಿದರೆ ವಾಂತಿ ಬರ್ತದೆ ಅಂತಾರೆ. ಅದು ಹೇಗೆ?

ನಿಜವಾದ ದೋಣಿಯಲ್ಲಿ ಕಣ್ಣು, ಮೈ, ಒಳಗಿವಿಯ ಸಮತೋಲನ ಎಲ್ಲವೂ ತೂಗುತ್ತವೆ. ಅಭ್ಯಾಸ ಆಗಿರುವುದು ಆ ಹೊಂದಾಣಿಕೆಗೆ. ವಿಆರ್‌ನಲ್ಲಿ ಕಣ್ಣು ಮಾತ್ರ ತೂಗುತ್ತದೆ, ಮೈ ಮಂಚದ ಮೇಲೆ ಗಟ್ಟಿಯಾಗಿದೆ. ಒಳಗಿವಿ ಇಲ್ಲ ಎನ್ನುತ್ತದೆ, ಕಣ್ಣು ಹೌದು ಎನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಕ್ಯಾಮೆರಾ ಒಂದು ಕಡೆ ನೆಟ್ಟು ತೆಗೆದ ವಿಡಿಯೋ ಮಾತ್ರ ತೋರಿಸಿ. ದಡದಲ್ಲಿ ಕೂತು ಅಲೆ ನೋಡುವುದು ಸರಿ. ದೋಣಿ, ಡ್ರೋನ್, ಬೈಕು, ಜಾರುಬಂಡಿ ಬೇಡ.

ಮೊದಲ ಲಕ್ಷಣ ಆಕಳಿಕೆ, ತಣ್ಣನೆ ಬೆವರು, ಬಾಯಲ್ಲಿ ನೀರೂರುವುದು. ಇಷ್ಟು ಕಂಡರೆ ತೆಗೆಯಿರಿ, ವಾಂತಿಗೆ ಕಾಯಬೇಡಿ. ಹರ್ನಿಯಾ, ಹೊಟ್ಟೆಯ ಆಪರೇಷನ್ ಆದವರಿಗೆ ಒಂದು ವಾಂತಿ ಎಂದರೆ ಹೊಲಿಗೆಯ ಮೇಲೆ ದೊಡ್ಡ ಎಳೆತ.

ಮಣಿಪಾಲದಿಂದ ಕಾರಲ್ಲಿ ಕರಕೊಂಡು ಬರುವಾಗ ಹಾಕಬಹುದಾ? ದಾರಿಯ ಹೊಂಡಕ್ಕೆ ನೋವು ತಡೆಯೂದಿಲ್ಲ.

ಬೇಡ. ಕಾರು ತಿರುಗಿದ್ದನ್ನು ತಲೆ ತಿರುಗಿದ್ದು ಎಂದು ಸಾಧನ ತಪ್ಪು ತಿಳಿಯುತ್ತದೆ, ದೃಶ್ಯ ಜಾರುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಂತೂ ಹಾಕುವ ಮಾತೇ ಬೇಡ. ಹೊರಡುವ ಮುಂಚೆ ಮಾತ್ರೆ, ಮಂಡಿಯ ಕೆಳಗೆ ಮೆತ್ತೆ, ಕಿವಿಗೆ ಹಾಡು, ಅಷ್ಟೇ.

ಮಂಡಿ ಮಡಚುವ ವ್ಯಾಯಾಮ ಮಾಡಿಸುವಾಗ ಹಾಕಿದರೆ ಹೆಚ್ಚು ಮಡಚ್ತಾರಾ?

ಮಡಚಬಹುದು, ಅದಕ್ಕೇ ಎಚ್ಚರ ಬೇಕು. ಮಲಗಿ ಅಥವಾ ಕೂತು ಮಾಡುವ ವ್ಯಾಯಾಮಕ್ಕೆ ಸರಿ: ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿ ಹಿಡಿಯುವುದು, ಹಿಮ್ಮಡಿ ಜಾರಿಸುವುದು. ಎಷ್ಟು ಮಡಚಬೇಕು ಎಂಬ ಲೆಕ್ಕ ಫಿಸಿಯೋದವರ ಕೈಯಲ್ಲಿರಲಿ, ಏಕೆಂದರೆ ‘ಸಾಕು, ನಿಲ್ಲಿಸು’ ಎಂದು ನೋವು ಕೊಡುವ ಸೂಚನೆ ಮಂದವಾಗಿರುತ್ತದೆ. ನಿಂತು, ನಡೆದು ಮಾಡುವುದಕ್ಕೆ ಹೆಡ್‌ಸೆಟ್ ಬೇಡವೇ ಬೇಡ.

ಸೊಂಟದ ಕೀಲು ಬದಲಾಯಿಸಿದವರಲ್ಲಿ ಹಿಂದಿನಿಂದ ಕೊಯ್ದು ಮಾಡಿದ್ದರೆ, 90 ಡಿಗ್ರಿಗಿಂತ ಹೆಚ್ಚು ಬಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ವೈದ್ಯರು ಹೇಳಿರುತ್ತಾರೆ. ಕೆಳಗೆ ಬಿದ್ದದ್ದನ್ನು ಎತ್ತಿಸುವ ಆಟ ಹಾಕಿದರೆ ಅವರು ನಿಜವಾಗಿ ಬಗ್ಗುತ್ತಾರೆ. ಕೀಲು ತಪ್ಪಲು ಅಷ್ಟು ಸಾಕು.

ಗಾಳಿ ಮಳೆಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆಗ?

ವಿಡಿಯೋಗಳನ್ನು ಮೊದಲೇ ಸಾಧನದೊಳಗೆ ಇಳಿಸಿಕೊಂಡಿರಿ, ನೆಟ್ ಬೇಡ. ಬ್ಯಾಟರಿ ಎರಡು ಗಂಟೆಯಷ್ಟು ಬರುತ್ತದೆ, ಅದು ನಾಲ್ಕೈದು ಸಲಕ್ಕೆ ಸಾಕು. ಅಡ್ಡಿಯಾಗುವುದು ಕತ್ತಲೆ. ಸಾಧನ ತನ್ನ ಕ್ಯಾಮೆರಾಗಳಿಂದ ಕೋಣೆಯನ್ನು ನೋಡಿ ಜಾಗ ಗುರುತಿಸುತ್ತದೆ, ದೀಪ ಆರಿದರೆ ದೃಶ್ಯ ತೇಲತೊಡಗುತ್ತದೆ. ಕರೆಂಟು ಹೋದ ಗಳಿಗೆಯಲ್ಲೇ ತೆಗೆಯಿರಿ, ಇಲ್ಲವೇ ಇನ್ವರ್ಟರ್ ಇರುವ ಕೋಣೆಯಲ್ಲಿ ಹಾಕಿ.

## ಏನು ತೋರಿಸುವುದು

ಎಲ್ಲಾ ಇಂಗ್ಲಿಷಲ್ಲೇ ಇದೆ. ಅಮ್ಮಮ್ಮನಿಗೆ ಹೇಗೆ ಅರ್ಥ ಆಗ್ತದೆ?

ಮಾತಿಲ್ಲದ ವಿಡಿಯೋ ಹಾಕಿ, ಮಾತು ನೀವು ಆಡಿ. ಉಸಿರಾಟದ ಮಾರ್ಗದರ್ಶನಕ್ಕೆ ಮೊಬೈಲಿನಲ್ಲಿ ಐದು ನಿಮಿಷದ ಧ್ವನಿ ಮುದ್ರಿಸಿ: ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. ದಮ್ಮು ಇದ್ದವರಿಗೆ ಮೂರು ಎಣಿಸಿ ಒಳಗೆ, ನಾಲ್ಕು ಎಣಿಸಿ ಹೊರಗೆ ಸಾಕು. ಹವ್ಯಕರ ಮನೆಯಲ್ಲಿ ಹವ್ಯಕ, ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ. ಮೊಮ್ಮಗಳ ಧ್ವನಿ ಇದ್ದರೆ ಯಾವ ಆಪೂ ಅದಕ್ಕೆ ಸಮ ಅಲ್ಲ.

ನಮ್ಮ ತೋಟವನ್ನೇ ತೆಗೆದು ತೋರಿಸಬಹುದಾ?

ನಮ್ಮ ಪ್ರಕಾರ ಇದಕ್ಕಿಂತ ಒಳ್ಳೆಯದಿಲ್ಲ. ಹಿಮಾಲಯ ತೋರಿಸಿದರೆ ಎರಡು ನಿಮಿಷ ಬೆರಗು, ಆಮೇಲೆ ಬೇಸರ. ಸ್ವಂತ ತೋಟ ತೋರಿಸಿದರೆ ಈ ಮರಕ್ಕೆ ಕೊಳೆ ಬಂದಿದೆ, ಆ ದರೆ ಜರಿದಿದೆ, ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸಲಿಲ್ಲವಾ ಎಂದು ಶುರುವಾಗುತ್ತದೆ. ಗಮನ ಅಲ್ಲಿ ನೆಟ್ಟಿತು ಎಂದೇ ಅರ್ಥ.

ಎರಡು ಲೆನ್ಸಿನ 360 ಡಿಗ್ರಿ ಕ್ಯಾಮೆರಾ ಬಾಡಿಗೆಗೆ ಅಥವಾ ಮದುವೆ ವಿಡಿಯೋದವರಲ್ಲಿ ಸಿಗಬಹುದು. ಸ್ಟ್ಯಾಂಡಿನ ಮೇಲೆ ನೆಲದಿಂದ 1.1ರಿಂದ 1.2 ಮೀಟರ್ ಎತ್ತರಕ್ಕೆ ಇಡಿ, ಕೂತವರ ಕಣ್ಣಿನ ಮಟ್ಟ ಅದು. ಎತ್ತರಿಸಿದರೆ ತೇಲುತ್ತಿದ್ದೇನೆ ಎನ್ನಿಸುತ್ತದೆ, ತಗ್ಗಿಸಿದರೆ ಅಂಬೆಗಾಲಿಟ್ಟ ಹಾಗೆ. ಹತ್ತಿರದ ಮರ, ಗಿಡ ಒಂದೂವರೆ ಮೀಟರ್ ದೂರ ಇರಲಿ, ಇಲ್ಲದಿದ್ದರೆ ಎರಡು ಲೆನ್ಸಿನ ಚಿತ್ರ ಕೂಡುವಲ್ಲಿ ಕಾಂಡ ತುಂಡಾಗಿ ಕಾಣುತ್ತದೆ. ಚಾಲೂ ಮಾಡಿ ನೀವು ಮರೆಯಾಗಿ, ಐದು ನಿಮಿಷ ಮುಟ್ಟಬೇಡಿ. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು, ಹಕ್ಕಿ ಕೂಗೂ ಸಿಗುತ್ತದೆ. 5.7ಕೆ ಸ್ಪಷ್ಟತೆಯ ವಿಡಿಯೋ ಸೆಕೆಂಡಿಗೆ 60 ಮೆಗಾಬಿಟ್‌ನಂತೆ ಐದು ನಿಮಿಷಕ್ಕೆ ಸುಮಾರು 2.25 ಜಿಬಿ. ಅಗಲ ಎತ್ತರದ ಎರಡರಷ್ಟಿರುವ ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ, ಕೇಬಲ್‌ನಲ್ಲಿ ಹೆಡ್‌ಸೆಟ್‌ಗೆ ಹಾಕಿ. ಅಗಲ ಎತ್ತರದ ಲೆಕ್ಕ ತಪ್ಪಿದರೆ ಅಡಿಕೆ ಮರ ಬಿಲ್ಲಿನಂತೆ ಬಾಗುತ್ತದೆ.

ಸಹಸ್ರಲಿಂಗದ ಹೊಳೆ, ಗೋಕರ್ಣದ ಓಂ ಬೀಚ್, ಕಾಳಿ ನದಿ ಕಡಲು ಸೇರುವ ಜಾಗ, ಬನವಾಸಿ ದೇವಸ್ಥಾನದ ಹೊರ ಅಂಗಳ ಇವೂ ಚೆನ್ನ.

ಯಕ್ಷಗಾನ ಹಾಕಬಹುದಾ?

ನೋಡಿ ಸುಮ್ಮನೆ ಮಲಗುವವರಿಗಾದರೆ ಹಾಕಿ. ಚಂಡೆಗೆ ಕೈಕಾಲು ಆಡಿಸುವವರು, ಭಾಗವತರ ಜೊತೆ ಪದ ಎತ್ತುವವರು ಹೊಲಿಗೆ ಬಿಚ್ಚುವವರೆಗೆ ಕಾಯಲಿ. ಹಾಕಿದರೂ ಶೃಂಗಾರದ ಪದ ಸಾಕು, ಯುದ್ಧದ ಪ್ರಸಂಗ ಬೇಡ.

## ಇನ್ನಷ್ಟು ಆಳಕ್ಕೆ

ನೋವು ಕಡಿಮೆ ಆಯ್ತೋ, ನಮ್ಮ ಸಮಾಧಾನಕ್ಕೆ ಹಾಗೆ ಹೇಳ್ತಾರೋ? ತಿಳಿಯೂದು ಹೇಗೆ?

ಮೂರು ಸಲ ಅಂಕ ಕೇಳಿ: ಹಾಕುವ ಮುಂಚೆ, ತೆಗೆದ ಕೂಡಲೇ, ಅರ್ಧ ಗಂಟೆ ಬಿಟ್ಟು. ಎರಡು ಅಂಕ ಅಥವಾ ಶೇ. 30ರಷ್ಟು ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿಕೆ. ಒಂದು ಅಂಕ ಮಾತ್ರ ಇಳಿದರೆ ಮರ್ಯಾದೆಗೆ ಹೇಳಿದ್ದೂ ಇರಬಹುದು. ಅಂಕ ಹೇಳಲಾಗದವರಿಗೆ ‘ಸ್ವಲ್ಪ, ಜೋರು, ತಡೆಯೂದಿಲ್ಲ’ ಎಂಬ ಮೂರು ಮಾತು ಸಾಕು. ಮಾತಿಗಿಂತ ಕೆಲಸ ನೋಡಿ: ಎದೆ ತುಂಬ ಕೆಮ್ಮಿದರಾ, ಬಚ್ಚಲಿನವರೆಗೆ ಎಷ್ಟು ಸಲ ನಿಂತು ಹೋದರು.

ಮರೆವಿನ ಕಾಯಿಲೆ ಇದ್ದವರ ನೋವನ್ನು ಉಸಿರು, ನರಳಿಕೆ, ಮುಖ, ಮೈಯ ಬಿಗಿತ, ಸಮಾಧಾನಕ್ಕೆ ಒಗ್ಗುವುದು ಈ ಐದನ್ನು ನೋಡಿ ತಲಾ 0ಯಿಂದ 2 ಅಂಕ ಕೊಟ್ಟು ಅಳೆಯುವ ಪದ್ಧತಿ ಇದೆ. ಆದರೆ ಮೇಲೆ ಹೇಳಿದ ಮೂರು ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ದಿನ ಹಾಕಿದರೂ ಹೆಡ್‌ಸೆಟ್ ಹುಬ್ಬು, ಕಣ್ಣು ಎರಡನ್ನೂ ಮುಚ್ಚುತ್ತದೆ. ಹಾಕಿದಷ್ಟು ಹೊತ್ತು ಬಾಯಿಯ ಅಂಚು, ಮುಷ್ಟಿ, ಉಸಿರು ಈ ಮೂರರ ಮೇಲೆ ಕಣ್ಣಿಡಿ.

ನಮ್ಮದು ಸಣ್ಣ ಆಸ್ಪತ್ರೆ. ಒಂದು ಹೆಡ್‌ಸೆಟ್, ಎಂಟು ರೋಗಿಗಳು. ಸೋಂಕು ಹರಡದ ಹಾಗೆ ಹೇಗೆ?

ಸ್ಪಂಜಿನ ಮೆತ್ತೆಯನ್ನು ಒರೆಸಿ ಶುದ್ಧ ಮಾಡಲಾಗುವುದಿಲ್ಲ. ಅದರ ಮೇಲೆ ಸಿಲಿಕೋನ್ ಹೊದಿಕೆ ಹಾಕಿ, ಒಬ್ಬರಿಗೊಂದು ಬಿಸಾಡುವ ಕಾಗದದ ಮುಸುಕು ಕೊಡಿ. ಪ್ರತಿ ರೋಗಿಯ ನಂತರ ಹೊದಿಕೆ, ಪಟ್ಟಿಯ ಪ್ಲಾಸ್ಟಿಕ್, ರಿಮೋಟ್‌ಗಳನ್ನು ಶೇ. 70ರ ಆಲ್ಕೋಹಾಲ್ ಒರಸಿನಿಂದ ಒರೆಸಿ, ತಾನಾಗಿ ಆರಲು ಬಿಡಿ. ಲೆನ್ಸಿಗೆ ಸ್ಪಿರಿಟ್ ತಾಗಿದರೆ ಲೇಪನ ಏಳುತ್ತದೆ, ಅಲ್ಲಿಗೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ. ಬಟ್ಟೆಯ ಪಟ್ಟಿಯಲ್ಲಿ ಬೆವರು, ಹೇನು ಎರಡೂ ಉಳಿಯುತ್ತವೆ, ಪ್ಲಾಸ್ಟಿಕ್ ಪಟ್ಟಿಯೇ ಇರಲಿ. ಮುಖದ ಮೇಲೆ ಗಾಯ ಇದ್ದವರು, ಪ್ರತ್ಯೇಕ ಕೋಣೆಯಲ್ಲಿ ಇಟ್ಟವರು ಹಂಚಿಕೊಳ್ಳುವ ಸಾಧನ ಬಳಸಬಾರದು.

ಒಬ್ಬರನ್ನು ಹೊಣೆ ಮಾಡಿ. ಎಲ್ಲರದೂ ಆದ ಹೆಡ್‌ಸೆಟ್ ಮೂರನೇ ವಾರಕ್ಕೆ ಬ್ಯಾಟರಿ ಸತ್ತು ಬೀರು ಸೇರುತ್ತದೆ.

ವಿಆರ್ ಹಾಕಿ ನೋವು ಮುಚ್ಚಿಟ್ಟ ಹಾಗೆ ಆಗಲ್ವಾ? ಒಳಗೆ ಏನೋ ಕೆಟ್ಟರೆ?

ಹದಿನೈದು ನಿಮಿಷದಲ್ಲಿ ಮುಚ್ಚಿಹೋಗುವಂಥ ನೋವಲ್ಲ ಅದು, ಆದರೂ ಪ್ರಶ್ನೆ ಸರಿಯಾದದ್ದೇ. ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರಿದರೆ ಹೆಡ್‌ಸೆಟ್ ಬದಿಗಿಟ್ಟು ಫೋನ್ ಮಾಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು, ಉಜ್ಜಬೇಡಿ. ಎದೆನೋವು, ಉಸಿರು ಕಟ್ಟುವುದು, ಗಾಯದಿಂದ ಕೀವು, ಚಳಿಜ್ವರ, ಬ್ಯಾಂಡೇಜಿನ ಕೆಳಗೆ ಬೆರಳು ಜೋಮು ಹಿಡಿದು ತಣ್ಣಗಾಗುವುದು, ಏಕಾಏಕಿ ಬಂದ ಗೊಂದಲ ಇವಕ್ಕೆ ಕಾಯುವಂತಿಲ್ಲ. ಮಳೆಗಾಲದ ರಾತ್ರಿ, ದೊಡ್ಡ ಆಸ್ಪತ್ರೆ ದೂರ ಇರುವ ಊರಾದರೆ ಇನ್ನೂ ಬೇಗ ಹೊರಡಬೇಕು.

ಆಪರೇಷನ್ ಆಗಿ ಆರು ತಿಂಗಳು. ಗಾಯ ಮಾಗಿದೆ, ನೋವು ಹೋಗಿಲ್ಲ. ಈಗಲೂ ಇದೇ ವಿಆರ್ ಹಾಕೂದಾ?

ಮೂರು ತಿಂಗಳು ದಾಟಿದ ನೋವಿಗೆ ಮೊದಲು ಕಾರಣ ಹುಡುಕಿಸಿ: ಸೋಂಕು, ಕೀಲು ಸಡಿಲಾಗುವುದು, ನರಕ್ಕೆ ಪೆಟ್ಟು. ಯಾವುದೂ ಇಲ್ಲದೆ ಉಳಿದ ನೋವಿಗೆ ತೋಟದ ವಿಡಿಯೋ ಸಾಲದು, ಉಸಿರು, ಗಮನ, ಸಡಿಲಿಕೆಗಳನ್ನು ಕಲಿಸುವ ಕ್ರಮಬದ್ಧ ಪಾಠ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ನವೆಂಬರ್‌ನಲ್ಲಿ ಈಸ್‌ವಿಆರ್‌ಎಕ್ಸ್ ಎಂಬ ಎಂಟು ವಾರ, 56 ಪಾಠಗಳ ಇಂಥ ಕ್ರಮಕ್ಕೆ ಅನುಮತಿ ಕೊಟ್ಟಿತು. ಅದು ಬೆನ್ನಿನ ಕೆಳಭಾಗದ ದೀರ್ಘಕಾಲದ ನೋವಿಗೆ ಮಾತ್ರ. 179 ಜನರ ಪರೀಕ್ಷೆಯಲ್ಲಿ ಶೇ. 66 ಮಂದಿಗೆ ನೋವು ಶೇ. 30ಕ್ಕಿಂತ ಹೆಚ್ಚು ಇಳಿಯಿತು, ಹೋಲಿಕೆಯ ಗುಂಪಿನಲ್ಲಿ ಶೇ. 41 ಮಂದಿಗೆ. ಸುಮಾರು ಐವರಲ್ಲಿ ಒಬ್ಬರಿಗೆ ಹೆಡ್‌ಸೆಟ್ಟೇ ಕಿರಿಕಿರಿ ಎನ್ನಿಸಿತ್ತು. ಮಂಡಿಗೂ ಅಷ್ಟೇ ಫಲ ಸಿಗುತ್ತದೆ ಎಂದು ಈ ಅಂಕಿಗಳಿಂದ ಹೇಳಲಾಗದು.

ನಾಲ್ಕನೇ ದಿನಕ್ಕೆ ಅಮ್ಮನೇ ಬೇಡ ಅಂದರು. ಒತ್ತಾಯ ಮಾಡಬೇಕಾ?

ಬೇಡ. ಯಾಕೆ ಎಂದು ಮಾತ್ರ ಕೇಳಿ. ಭಾರ ಎಂದರೆ ಪಟ್ಟಿ ಸರಿ ಮಾಡಿ, ಅದೇ ಚಿತ್ರ ಎಂದರೆ ಬದಲಾಯಿಸಿ, ಸೆಕೆ ಎಂದರೆ ಫ್ಯಾನಿನ ಕೆಳಗೆ ಸಂಜೆ ಹಾಕಿ. ನೋವೇ ಇಳಿದಿದೆ, ಹೊರಗೆ ಜಗುಲಿಯಲ್ಲಿ ಕೂರುತ್ತೇನೆ ಎಂದರೆ ವಾಕರ್ ಕೊಟ್ಟು ಜೊತೆಗೆ ನಡೆಯಿರಿ. ಹೆಡ್‌ಸೆಟ್ ಒರೆಸಿ, ಬ್ಯಾಟರಿ ಅರ್ಧ ತುಂಬಿಸಿ, ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು ಮುಂದಿನ ಆಪರೇಷನ್ ಇರುವ ಮನೆಗೆ ಕೊಡಿ.